ತಾಳೆಯಾಗದ ಲೆಕ್ಕ

ಸಂಜೆ ಲೆಕ್ಕ ತಾಳೆಯಾಗದಿದ್ದರೆ ಏನು ಪಾಡು ಅಂತ ಹಳೇ ಬ್ಯಾಂಕಿನವರಿಗೆ ಗೊತ್ತು. ರಾಶಿ ವೋಚರುಗಳಲ್ಲಿ ಯಾವ ಯಾವುದನ್ನು ಕೂಡಿದರೆ ಆ ವ್ಯತ್ಯಾಸದ ಮೊತ್ತ ಬರುತ್ತದೆ ಅಂತ ಹುಡುಕಬೇಕು. ಯಾರಾದರೂ "ಈ ನಾಲ್ಕು ನೋಡಿ ಸಾರ್" ಅಂದರೆ ಕೂಡಿ ನೋಡಲು ಅರ್ಧ ನಿಮಿಷ ಸಾಕು. ಹುಡುಕುವಷ್ಟರಲ್ಲಿ ಮಾತ್ರ ಕೊನೇ ಲೋಕಲ್ ಹೊರಟಿರುತ್ತಿತ್ತು!

ಹುಡುಕುವುದಕ್ಕೂ ತಾಳೆ ನೋಡುವುದಕ್ಕೂ ಇರುವ ಈ ಅಂತರವನ್ನೇ ಗಣಿತದ ಪ್ರಶ್ನೆ ಮಾಡಿದ ಮೇಷ್ಟ್ರು ಸ್ಟೀಫನ್ ಕುಕ್. 1970ರಲ್ಲಿ ಬರ್ಕ್ಲಿಯ ಗಣಿತ ವಿಭಾಗ ಅವರ ನೌಕರಿ ಕಾಯಂ ಮಾಡಲಿಲ್ಲ. ಟೊರಾಂಟೊಗೆ ಹೋದರು. ಅವರ ಹೆಸರಾದ ಪ್ರಬಂಧ ಬಂದದ್ದು ಮರುವರ್ಷ, 1971ರಲ್ಲಿ. 1972ರಲ್ಲಿ ಅದೇ ಬರ್ಕ್ಲಿಯ ರಿಚರ್ಡ್ ಕಾರ್ಪ್ 21 ಲೆಕ್ಕಗಳು ಈ ಜಾತಿಯವು ಅಂತ ತೋರಿಸಿದರು. ನಮ್ಮ ವೋಚರಿನ ಲೆಕ್ಕವೂ ಅದರಲ್ಲೊಂದು. 1982ರಲ್ಲಿ ಕುಕ್‌ಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಇಂಥ ಲೆಕ್ಕಕ್ಕೆಲ್ಲ ಬೇಗ ಹುಡುಕುವ ದಾರಿ ಇದೆಯೋ ಇಲ್ಲವೋ, ಇನ್ನೂ ಇತ್ಯರ್ಥವಾಗಿಲ್ಲ. 2000ದಿಂದ ಹತ್ತು ಲಕ್ಷ ಡಾಲರ್ ಬಹುಮಾನ ಕಾದಿದೆ.

ವರ್ಷಾವರ್ಷ ಮಾರ್ಚ್‌ನಲ್ಲಿ ಕೈಕೆಳಗಿನವರಿಗೆ ಅಂಕ ಹಾಕಿದವನು ನಾನು. ಮುಗಿದ ಕೆಲಸ ತಾಳೆ ನೋಡುವುದು ಸುಲಭ. ನಡೆಯುತ್ತಿರುವ ಹುಡುಕಾಟಕ್ಕೆ ಅಂಕ ಹಾಕಲು ನನಗಂತೂ ಬಂದಿಲ್ಲ, ಬರ್ಕ್ಲಿಯ ದೊಡ್ಡವರಿಗೂ ಬರಲಿಲ್ಲ. ಅಂಥವರಿಗೆ ಸಂಬಳ ಕೊಟ್ಟು, ಪಾಠ ಮಾಡಲು ಬಿಟ್ಟು, ತಾಳ್ಮೆಯಿಂದ ಕಾಯುವುದೇ ಸರಿ. ಎಷ್ಟು ಜನರ ವಿಷಯದಲ್ಲಿ ನಾನು ಕಾಯಲಿಲ್ಲವೋ...