ಕರಾವಳಿಯ ಕಾಡಿಗೆ ಬಯಲುಸೀಮೆಯ ಹುಲ್ಲು ಪರಿಹಾರವೇ?

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಗೂ ಅಂಕೋಲಾದ ಕಡಲಿಗೂ ನಡುವೆ ಇಡೀ ಸಹ್ಯಾದ್ರಿಯೇ ಅಡ್ಡ ನಿಂತಿದೆ. ಅಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿದ ಮಳೆ. ಇಲ್ಲಿ ಅದರ ಕಾಲು ಭಾಗದ ಆಸುಪಾಸು. ಅಲ್ಲಿ ಮೀನು, ತೆಂಗು, ಗಜನಿಯ ಭತ್ತ. ಇಲ್ಲಿ ಗೋವಿನಜೋಳ ಮತ್ತು ಕುರಿ. ಎರಡು ಸೀಮೆಗಳಿಗೆ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಕರಾವಳಿಯ ಪಟ್ಟಣಕ್ಕಾಗಿ, ಹೆದ್ದಾರಿಗಾಗಿ ಕಡಿದ ಕಾಡಿನ ಲೆಕ್ಕವನ್ನು ಮೇಡ್ಲೇರಿಯಂಥ ಊರಿನ ಬಯಲಿನಲ್ಲಿ ಚುಕ್ತಾ ಮಾಡಲು ಕಾನೂನು ಅವಕಾಶ ನೀಡಿದೆ ಎಂಬುದೇ ಆ ಸಂಬಂಧ.

ಉತ್ತರ ಕನ್ನಡದ ಕರಾವಳಿಯು ಗುಡ್ಡ ಮತ್ತು ಸಮುದ್ರದ ನಡುವೆ ಸಿಕ್ಕಿಕೊಂಡ ಕಿರಿದಾದ ಪಟ್ಟಿ. ಜಿಲ್ಲೆಯ ಬಹುಪಾಲು ನೆಲ ಅರಣ್ಯ. ಕೈಗಾ ಅಣುಸ್ಥಾವರ, ಕೊಂಕಣ ರೈಲು, ಸೀಬರ್ಡ್ ನೌಕಾನೆಲೆ, ಚತುಷ್ಪಥ ಹೆದ್ದಾರಿ - ಒಂದರ ಹಿಂದೊಂದು ಬಂದವು. ಯೋಜನೆಯ ಹಿಂದೆ ವಸತಿ, ವಸತಿಯ ಹಿಂದೆ ಮಾರುಕಟ್ಟೆ, ಅದರ ಹಿಂದೆ ಕಲ್ಲು ಮಣ್ಣಿನ ಬೇಡಿಕೆ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗವೊಂದಕ್ಕೇ ಸುಮಾರು 595 ಹೆಕ್ಟೇರ್ ಅರಣ್ಯ ಬೇಕೆಂದು ಕೇಳಲಾಗಿದ್ದು, 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದಕ್ಕೆ ಒಪ್ಪಿಗೆ ನೀಡಿತು.

ಕಾಡು ಕೊಡುವಾಗ ಅಧಿಕಾರಿಗಳ ಬಳಿ ಒಂದು ಸಿದ್ಧ ಉತ್ತರವಿರುತ್ತದೆ: ಪರಿಹಾರಾತ್ಮಕ ಅರಣ್ಯೀಕರಣ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಬೆಳೆದುಬಂದ ಈ ಪದ್ಧತಿಯಲ್ಲಿ, ಕಳೆದುಕೊಂಡ ಕಾಡಿಗೆ ಬದಲಾಗಿ ಬೇರೆ ನೆಲದಲ್ಲಿ ಗಿಡ ನೆಡಬೇಕು. ಇದಕ್ಕಾಗಿ ಸಂಗ್ರಹವಾಗುವ ಹಣಕ್ಕೆ 2016ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂತು. ಹಣವಿದೆ, ಸಸಿಯೂ ಇದೆ, ನೆಲ ಎಲ್ಲಿದೆ? ಕಾಡೇ ತುಂಬಿದ ಜಿಲ್ಲೆಯಲ್ಲಿ ಹೊಸ ಕಾಡಿಗೆ ಜಾಗ ಸಿಗುವುದಿಲ್ಲ. ಕಣ್ಣು ಬಯಲುಸೀಮೆಯತ್ತ ಹೊರಳುತ್ತದೆ. ದಾಖಲೆಯಲ್ಲಿ 'ಕ್ಷೀಣ ಅರಣ್ಯ', 'ಪಾಳು' ಎಂದು ಬರೆದ ನೆಲ ಅಲ್ಲಿ ಹೇರಳ. ಮರವಿಲ್ಲದ್ದೆಲ್ಲ ಪಾಳು ಎಂಬ ಎಣಿಕೆ ಬ್ರಿಟಿಷರ ಕಂದಾಯ ಪುಸ್ತಕದಿಂದ ಬಂದದ್ದು. ಪುಸ್ತಕ ಬದಲಾದರೂ ಎಣಿಕೆ ಬದಲಾಗಲಿಲ್ಲ.

ಹಾವೇರಿ ಸೀಮೆಯ ರೈತರಿಗೆ ಈ ಎಣಿಕೆಯ ರುಚಿ ಹಿಂದೆಯೇ ಸಿಕ್ಕಿದೆ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿದವು. ಸುಮಾರು 30,000 ಹೆಕ್ಟೇರ್ ಸಾಮೂಹಿಕ ನೆಲವನ್ನು ನೀಲಗಿರಿ ಬೆಳೆಸಲು ಕೊಡುವ ಯೋಜನೆ ಅದು. ಕಾರ್ಖಾನೆ ಇದ್ದುದು ಇದೇ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಸರ್ಕಾರಕ್ಕೆ ಪಾಳಾಗಿದ್ದ ನೆಲ ಜನರಿಗೆ ಮೇವು, ಉರುವಲು, ಕುರಿಯ ಹಾದಿ. ಸಮಾಜ ಪರಿವರ್ತನ ಸಮುದಾಯ ಹಾಗೂ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು: ನೀಲಗಿರಿ ಸಸಿಗಳನ್ನು ಕಿತ್ತು, ಜನೋಪಯೋಗಿ ಗಿಡಗಳನ್ನು ಹಚ್ಚಿದರು. ಕೊನೆಗೆ ಆ ಕಂಪನಿ ಮುಚ್ಚಿತು. ನಾಲ್ಕು ವರ್ಷ ಮೊದಲು, 1983ರಲ್ಲಿ, ಶಿರಸಿ ಸೀಮೆಯ ಸಾಲ್ಕಣಿಯ ಜನ ಅಪ್ಪಿಕೊಂಡದ್ದು ಮರವನ್ನು. ಕುಸನೂರಿನವರು ಕಿತ್ತದ್ದು ಗಿಡವನ್ನು. ಇಬ್ಬರೂ ಹೇಳಿದ್ದು ಒಂದೇ ಮಾತು. ನೆಡುತೋಪು ಕಾಡಲ್ಲ.

ಮೇಡ್ಲೇರಿಗೆ ಬಹು ದೂರವಲ್ಲದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಇನ್ನೊಂದು ಪಾಠ. 119 ಚದರ ಕಿಲೋಮೀಟರಿನ ಈ ಪ್ರದೇಶವನ್ನು 1974ರಲ್ಲಿ ಅಭಯಾರಣ್ಯವೆಂದು ಘೋಷಿಸಲಾಯಿತು. ಕೃಷ್ಣಮೃಗ ಬಯಲಿನ ಪ್ರಾಣಿ. ದೂರಕ್ಕೆ ನೋಡಿ, ಅಪಾಯ ಕಂಡೊಡನೆ ಓಡಿ ಬದುಕುವ ಜೀವಕ್ಕೆ ತೆರೆದ ಹುಲ್ಲುಗಾವಲು ಬೇಕು. ಅಂಥ ನೆಲದ ಬಹುಭಾಗದಲ್ಲಿ ನೆಟ್ಟದ್ದು ನೀಲಗಿರಿ! ಅದರಡಿ ಹುಲ್ಲು ಚೆನ್ನಾಗಿ ಬೆಳೆಯುವುದಿಲ್ಲ. ಹಿಂಡು ರೈತನ ಗೋವಿನಜೋಳಕ್ಕೆ ನುಗ್ಗುತ್ತದೆ. ಮೊಳಕೆ ಮೇಯಿಸಿಕೊಂಡ ರೈತನು ವನ್ಯಜೀವಿಯನ್ನು ಶಪಿಸಿದರೆ ಅವನನ್ನು ದೂರುವುದು ಅನ್ಯಾಯ. ಒಂದು ಕಾಲದಲ್ಲಿ ಇಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿ ಈಗ ಕಾಣುವುದಿಲ್ಲ. ರಾಜ್ಯದಲ್ಲಿ ಅದು ಬೆರಳೆಣಿಕೆಯಷ್ಟು ಉಳಿದಿರುವುದು ಬಳ್ಳಾರಿಯ ಸಿರುಗುಪ್ಪದ ಕಡೆ. ಬಯಲಿಗೆ ಮರ ತಂದು ಬಯಲಿನ ಜೀವಗಳನ್ನು ಕಳೆದುಕೊಂಡ ಮೇಲೂ, ಅದೇ ಬಯಲಿಗೆ ಕರಾವಳಿಯ ಪಾಲಿನ ಮರಗಳನ್ನು ಹೊರಿಸುವುದು ಯಾವ ಸಂರಕ್ಷಣೆ?

ಕರಾವಳಿಗಾದರೂ ಇದರಿಂದ ಲಾಭವಿದೆಯೇ? 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು, ಮಣ್ಣು ಗಂಗಾವಳಿ ನದಿಯವರೆಗೂ ನುಗ್ಗಿ ಹಲವರು ಪ್ರಾಣ ಕಳೆದುಕೊಂಡರು. ಮೇಡ್ಲೇರಿಯ ಬಯಲಿನಲ್ಲಿ ನೆಟ್ಟ ಸಸಿಯ ಬೇರು ಶಿರೂರಿನ ಗುಡ್ಡವನ್ನು ಹಿಡಿಯದು. ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಕಾಂಡ್ಲಾ ಗಿಡಗಳು ಮೀನಿನ ಮರಿಗಳಿಗೆ ಆಸರೆ. ಅಲ್ಲಿನ ಗಜನಿಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿ ಸೇರಿತು. ಅದೇ ಸಲ ಸೇರಿದ್ದು ಹಾವೇರಿಯ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆ. ಒಂದರ ಬದಲಿಗೆ ಇನ್ನೊಂದನ್ನು ಇಡಬಹುದೆಂದು ಯಾರೂ ಹೇಳಲಾರರು. ಕಾಡಿನ ವಿಷಯದಲ್ಲಿ ಮಾತ್ರ ಹಾಗೆ ಹೇಳಲಾಗುತ್ತಿದೆ.

ಕರಾವಳಿಯ ಊರುಗಳು ಬೆಳೆಯಲೇಬಾರದು ಎಂದು ಗುಡ್ಡದ ಮೇಲೆ ಕುಳಿತು ಹೇಳುವುದು ಸುಲಭ. ತುರ್ತು ಚಿಕಿತ್ಸೆಗೆ ಮಂಗಳೂರಿಗೋ ಗೋವೆಗೋ ಧಾವಿಸಬೇಕಾದ ಕುಟುಂಬಕ್ಕೆ ಆ ಮಾತು ರುಚಿಸದು. ಆಸ್ಪತ್ರೆ ಬೇಕು, ಒಳ್ಳೆಯ ರಸ್ತೆಯೂ ಬೇಕು. ಆದರೆ ಅದರ ನಷ್ಟವನ್ನು ಅದೇ ನದಿಕಣಿವೆಯೊಳಗೆ ಲೆಕ್ಕ ಹಾಕಬೇಕು: ಕುಸಿಯುವ ಇಳಿಜಾರುಗಳಲ್ಲಿ, ಬೋಳಾದ ನದಿದಂಡೆಯಲ್ಲಿ, ಮಣ್ಣು ತುಂಬಿ ನಿವೇಶನವಾಗುತ್ತಿರುವ ಗಜನಿಯಲ್ಲಿ. ಅಲ್ಲಿ ಸರಿದೂಗಿಸಲು ಜಾಗವೇ ಇಲ್ಲವೆಂದಾದರೆ, ಆ ಯೋಜನೆಗೆ ಆ ನೆಲದಲ್ಲಿ ಎಡೆಯಿಲ್ಲ ಎಂದೇ ಅರ್ಥ.

ಬಯಲುಸೀಮೆಯಲ್ಲಿ ಆಗಬೇಕಾದ ಕೆಲಸ ಬೇರೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು; ಹಳೆಯ ತೋಪುಗಳು ತಾವಾಗಿ ಹುಲ್ಲಾಗುವುದಿಲ್ಲ. ಅಭಯಾರಣ್ಯದ ತೋಪುಗಳನ್ನು ಹಂತಹಂತವಾಗಿ ತೆಗೆದು, ಚಿಗುರನ್ನು ಕಿತ್ತು, ಸ್ಥಳೀಯ ಹುಲ್ಲಿನ ಬೀಜ ಬಿತ್ತಿ ಕೆಲವು ಮಳೆಗಾಲ ಕಾಯಬೇಕು. ಪರಿಹಾರ ನಿಧಿಯ ಹಣ ಆ ಕೆಲಸಕ್ಕೆ ಬಂದರೆ ಯಾರ ಆಕ್ಷೇಪವೂ ಇರಲಾರದು. ಇನ್ನು ಊರ ಬಯಲಿನಲ್ಲಿ ಗುಂಡಿ ತೋಡಲು ಯಂತ್ರ ಬರುವ ಮುನ್ನ ಗ್ರಾಮಸಭೆ ಕೂಡಲಿ; ಈ ಗಿಡ ಯಾವ ಊರಿನ ಯಾವ ಕಾಡಿನ ಬದಲಿಗೆ ಎಂದು ಕಾಗದ ಕೇಳಲಿ. ಆ ಸಭೆಯಲ್ಲಿ ಮೊದಲು ಮಾತನಾಡಬೇಕಾದವರು ಕುರಿಗಾರರು. ಯಾವ ಹುಲ್ಲು ಯಾವ ತಿಂಗಳಲ್ಲಿ ಎಲ್ಲಿ ಬರುತ್ತದೆಂದು ಅರಣ್ಯ ಇಲಾಖೆಯ ನಕ್ಷೆಯಲ್ಲಿ ಬರೆದಿರುವುದಿಲ್ಲ; ಅವರಿಗೆ ಗೊತ್ತಿರುತ್ತದೆ.