ಸಹಿ ನಿಮ್ಮದು, ಡ್ರಾಯರ್ ಆಡಿಟರದು!

ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಿ ಅಂದ್ರೆ ಲಿಂಗರಾಜಪುರದ ಯಾವ ವ್ಯಾಪಾರಿಯಾದರೂ ಕೊಡ್ತಾರೆಯೆ? ಸ್ವಂತ ಭಾವಮೈದ ಕೇಳಿದರೂ ‘ನಾಳೆ ನೋಡೋಣ’ ಅಂತಾರೆ. ಆದರೆ ಅದೇ ಮಹಾಶಯರಲ್ಲಿ ಎಷ್ಟೋ ಮಂದಿ ಪೆನ್‌ಡ್ರೈವ್‌ನಂಥ ಒಂದು ಪುಟ್ಟ ಟೋಕನ್ನಿಗೆ ಪಿನ್ ನಂಬರಿನ ಚೀಟಿ ಅಂಟಿಸಿ, ಲೆಕ್ಕ ಬರೆಯುವವರ ಕೈಗೆ ಕೊಟ್ಟು ವರ್ಷಗಟ್ಟಲೆ ಮರೆತುಬಿಡುತ್ತಾರೆ! ಚೆಕ್ಕು ಒಂದು ಸಲಕ್ಕೆ ಮುಗಿಯಿತು. ಟೋಕನ್ನು ಹಾಗಲ್ಲ. ಅವಧಿ ತೀರುವ ತನಕ ಎಷ್ಟು ಸಲ ಬೇಕಾದರೂ ಒಡೆಯನ ಹೆಸರಿನಲ್ಲಿ ಸಹಿ ಹಾಕುತ್ತಲೇ ಇರುತ್ತದೆ.

ಇದೇ ಡಿಜಿಟಲ್ ಸಹಿ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆ ಇದಕ್ಕೆ ಕೈಬರಹದ ಸಹಿಯ ಮಾನ್ಯತೆ ಕೊಟ್ಟಿದೆ. ಉಯಿಲಿನಂಥ ಕೆಲವು ಪತ್ರಗಳಿಗೆ ಮಾತ್ರ ಇದು ನಡೆಯುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ, ಎಲ್.ಎಲ್.ಪಿ. ನಡೆಸುವವರು ಜಿ.ಎಸ್.ಟಿ. ರಿಟರ್ನಿಗೆ ಇದನ್ನೇ ಹಾಕಬೇಕು. ಸರ್ಕಾರಿ ಇ-ಟೆಂಡರ್ ಹಾಕುವ ಕಂಟ್ರಾಕ್ಟರಿಗೂ ಇದು ಬೇಕು.

ಹಂಚುವುದು ಯಾವುದು, ಬಚ್ಚಿಡುವುದು ಯಾವುದು?

ಈ ಸಹಿಗೆ ಎರಡು ಕೀಲಿ. ಒಂದು ಗುಟ್ಟಿನದು, ಟೋಕನ್ನಿನ ಒಳಗೆ ಕೂತಿರುತ್ತದೆ, ಸಹಿ ಹಾಕುವುದು ಅದೇ. ಇನ್ನೊಂದು ಬಹಿರಂಗದ್ದು, ಸಹಿ ಸಾಚಾನೋ ಖೋಟಾನೋ ಅಂತ ಒರೆಗೆ ಹಚ್ಚಿ ನೋಡೋಕೆ. ಈ ಬಹಿರಂಗ ಕೀಲಿಗೆ ಒಡೆಯನ ಹೆಸರು ಸೇರಿಸಿ, ‘ಇದು ಇಂಥವರದೇ’ ಎಂದು ಲೈಸೆನ್ಸ್ ಪಡೆದ ಸಂಸ್ಥೆ ಮೊಹರು ಒತ್ತಿ ಕೊಡುವುದೇ ಸರ್ಟಿಫಿಕೇಟು. ಅದನ್ನು ಊರಿಗೆಲ್ಲ ಹಂಚಿದರೂ ಮೂರು ಕಾಸಿನ ನಷ್ಟವಿಲ್ಲ. ಹಂಚಬಾರದ್ದು ಟೋಕನ್ನು ಮತ್ತು ಪಿನ್ನು. ಇಲ್ಲಿ ನಡೆದಿರುವುದು ತಲೆಕೆಳಗು! ಬಚ್ಚಿಡಬೇಕಾದ್ದು ಕಂಡವರ ಡ್ರಾಯರಿನಲ್ಲಿದೆ. ತೆರೆದು ನೋಡಬೇಕಾದ್ದನ್ನು ಯಾರೂ ನೋಡುತ್ತಿಲ್ಲ.

‘ನಮ್ಮ ಆಡಿಟರು ಒಳ್ಳೆಯವರು ಸಾರ್’ ಅನ್ನಬಹುದು. ಇರಲಿ, ಒಳ್ಳೆಯವರೇ. ಆದರೆ ಅವರ ಆಫೀಸಿನ ಹುಡುಗ ಕೆಲಸ ಬಿಟ್ಟು ಹೋದ ಮೇಲೆ ಪಿನ್ನು ಯಾರ ತಲೆಯಲ್ಲಿರುತ್ತದೆ? ಕಂಪನಿಗೆ ಹೊಸ ಡೈರೆಕ್ಟರನ್ನು ಸೇರಿಸುವ ಕಾಗದಕ್ಕೂ ಇದೇ ಸಹಿ ಸಾಕು. ನಾಳೆ ಕೋರ್ಟಿನಲ್ಲಿ ‘ನಾನು ಹಾಕಿದ್ದಲ್ಲ ಸ್ವಾಮಿ’ ಅಂದರೆ, ಅಲ್ಲ ಅನ್ನೋದನ್ನ ತೋರಿಸುವ ಕಷ್ಟ ಒಡೆಯನ ತಲೆಗೇ ಬರುತ್ತದೆ. ಕಾಯ್ದೆಯ 42ನೇ ಕಲಮು ಇನ್ನೂ ಖಡಕ್ಕು: ಗುಟ್ಟಿನ ಕೀಲಿ ಕೈತಪ್ಪಿದರೆ ತಡ ಮಾಡದೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ತಿಳಿಸಬೇಕು, ತಿಳಿಸುವ ತನಕ ಹೊಣೆ ಒಡೆಯನದೇ. ಬೇರೆಯವರ ಸಹಿಯನ್ನು ಮೋಸದಿಂದ ಬಳಸಿದವನಿಗೆ 66-ಸಿ ಕಲಮಿನಲ್ಲಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ, ನಿಜ. ಆದರೆ ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು?

ಆಡಿಟರುಗಳ ಕಡೆಯ ಮಾತೂ ಇದೆ. ತಿಂಗಳ 20ನೇ ತಾರೀಖು ರಿಟರ್ನಿಗೆ ಕೊನೇ ದಿನ. ಅವತ್ತೇ ಅಂಗಡಿಯವರು ಫೋನ್ ಎತ್ತೋದಿಲ್ಲ; ದಂಡ ಬಿದ್ದರೆ ಬೈಗುಳ ಮಾತ್ರ ಆಡಿಟರಿಗೆ. ಹಾಗಾಗಿ ಟೋಕನ್ನು ಅಲ್ಲೇ ಉಳಿಯುತ್ತದೆ. ಇದಕ್ಕೆ ದಾರಿ ಇಲ್ಲದಿಲ್ಲ. ಲೆಕ್ಕ ಅವರು ಸಿದ್ಧ ಮಾಡಲಿ. ಓದಿ ನೋಡಿ ಸಹಿ ಒತ್ತುವ ಕೆಲಸ ಮಾಲೀಕರದಾಗಲಿ. ಒಬ್ಬರೇ ಮಾಲೀಕರಾದ ಅಂಗಡಿಗೂ ಪಾಲುದಾರಿಕೆ ಅಂಗಡಿಗೂ ಜಿ.ಎಸ್.ಟಿ.ಯಲ್ಲಿ ಮೊಬೈಲಿಗೆ ಬರುವ ಒ.ಟಿ.ಪಿ. ಸಾಕು, ಟೋಕನ್ನಿನ ಗೊಡವೆಯೇ ಬೇಡ. ಆದರೆ ಆ ಮೊಬೈಲ್ ನಂಬರು ಮಾಲೀಕರದೇ ಆಗಿರಬೇಕು, ಏಜೆಂಟರದಲ್ಲ!

ಟಿಕ್ ಮಾರ್ಕಿಗೆ ಮರುಳಾಗಬೇಡಿ

ಇನ್ನು ಬಸ್ಸಿಗೆ ಕಾಯುವ ಸಾಮಾನ್ಯರ ವಿಷಯ. ಹೆಣ್ಣೂರು ಕಡೆ ಸೈಟು ತೋರಿಸುವ ಬ್ರೋಕರು ಇ.ಸಿ. ಪ್ರಿಂಟು ಹಿಡಿದು ‘ನೋಡಿ, ಹಸಿರು ಟಿಕ್ ಇದೆ, ಡಿಜಿಟಲ್ ಸಹಿ’ ಅಂದರೆ ನಂಬುವುದೆ? ಕಾಗದದ ಮೇಲಿನ ಟಿಕ್ಕು ಬರೀ ಚಿತ್ರ. ಯಾವ ಹುಡುಗನಾದರೂ ಕಂಪ್ಯೂಟರಿನಲ್ಲಿ ಬಿಡಿಸಬಹುದು. ಸಹಿ ಇರುವುದು ಫೈಲಿನ ಒಳಗೆ. ಸಹಿಯಾದ ಮೇಲೆ ಒಂದಂಕೆ ತಿದ್ದಿದರೂ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಕೇಳಬೇಕಾದ್ದು ಪ್ರಿಂಟನ್ನಲ್ಲ, ಫೈಲನ್ನು.

ಇ-ಆಧಾರ್ ತೆರೆದಾಗ ಹಳದಿ ಪ್ರಶ್ನೆ ಚಿಹ್ನೆ ಕಂಡು ಗಾಬರಿಯಾಗುವವರೂ ಉಂಟು. ಅದು ಖೋಟಾ ಅಂತ ಅರ್ಥವಲ್ಲ. ಈ ಮೊಹರಿನವರನ್ನು ನಂಬಬೇಕೋ ಬೇಡವೋ ಅಂತ ಕಂಪ್ಯೂಟರ್ ಕೇಳುತ್ತಿದೆ, ಅಷ್ಟೇ. ಸಹಿಯ ವಿವರ ತೆರೆದು, ಮೊಹರಿನ ಸರಪಳಿಯ ತುದಿಯಲ್ಲಿ ಕೇಂದ್ರ ಸರ್ಕಾರದ ನಿಯಂತ್ರಕರ ‘ಸಿ.ಸಿ.ಎ. ಇಂಡಿಯಾ’ ಹೆಸರಿದೆಯೇ ನೋಡಿ ನಂಬಬೇಕು. ನೋಡದೆ ಒಪ್ಪಿಗೆಯ ಗುಂಡಿ ಒತ್ತಿದರೆ ಖೋಟಾ ಕೂಡ ಸಾಚಾ ಆಗಿ ಕಾಣುತ್ತದೆ.

ದೊಡ್ಡವರೂ ಎಡವಿದ್ದಾರೆ. 2014ರ ಜುಲೈನಲ್ಲಿ ಸರ್ಕಾರದ್ದೇ ಆದ ಎನ್.ಐ.ಸಿ.ಯ ಮೊಹರಿನಡಿ ಗೂಗಲ್ ವೆಬ್‌ಸೈಟುಗಳ ಹೆಸರಿಗೆ ಅನಧಿಕೃತ ಸರ್ಟಿಫಿಕೇಟುಗಳು ಹೊರಬಿದ್ದವು. 2ನೇ ತಾರೀಖು ಅದು ಗೂಗಲ್ ಕಣ್ಣಿಗೆ ಬಿತ್ತು. 3ನೇ ತಾರೀಖೇ ನಿಯಂತ್ರಕರು ಎನ್.ಐ.ಸಿ.ಯ ಆ ಮೊಹರುಗಳನ್ನು ರದ್ದು ಮಾಡಿದರು. ಇದರ ಪಾಠ ಇಷ್ಟೇ: ನಂಬಿಕೆ ಕೆಟ್ಟರೆ ಮಾರನೇ ದಿನವೇ ರದ್ದು ಮಾಡಿಸಬೇಕು. ಟೋಕನ್ನು ಎಲ್ಲಿದೆ ಅನ್ನೋದೇ ಗೊತ್ತಿಲ್ಲದವರು ಏನನ್ನು ರದ್ದು ಮಾಡಿಸಿಯಾರು?

ಬೆಂಗಳೂರು ಒನ್ ಕೇಂದ್ರಗಳಲ್ಲಿ ಇಂಥ ಫೈಲುಗಳ ಸಹಿ ಪರೀಕ್ಷಿಸಿ ಹೇಳುವ ಒಂದು ಕೌಂಟರು ತೆರೆದರೆ ಸರ್ಕಾರದ ಗಂಟೇನೂ ಹೋಗದು. ವರ್ತಕರ ಸಂಘಗಳು ಒಂದು ಭಾನುವಾರ ಸದಸ್ಯರನ್ನು ಕೂರಿಸಿ ಪಿನ್ ಬದಲಾಯಿಸುವುದನ್ನಾದರೂ ಕಲಿಸಬಹುದು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ?

ಅಲ್ಲೀವರೆಗೆ ಕಾಯಬೇಕಿಲ್ಲ. ಇವತ್ತು ಶಟರ್ ಎಳೆಯುವ ಮುಂಚೆ ಒಂದು ಫೋನು ಸಾಕು: ‘ಸಾರ್, ನನ್ನ ಟೋಕನ್ನು ವಾಪಸ್ ಕೊಟ್ಬಿಡಿ.’