ಅಕ್ಷರದ ಒಡವೆ

ಮನುಷ್ಯನು ತನಗೆ ಪ್ರಿಯವಾದುದನ್ನೆಲ್ಲ ಸಿಂಗರಿಸುತ್ತಾನೆ. ಹೊಸ್ತಿಲಿಗೆ ರಂಗವಲ್ಲಿಯನ್ನು ಇಡುತ್ತಾನೆ, ಬಾಗಿಲಿಗೆ ತೋರಣವನ್ನು ಕಟ್ಟುತ್ತಾನೆ, ಸಂಕ್ರಾಂತಿಯ ದಿನ ಎತ್ತಿನ ಕೊಂಬಿಗೆ ಬಣ್ಣವನ್ನು ಬಳಿಯುತ್ತಾನೆ. ಹೀಗಿರುವಾಗ ಅರಿವಿಗೆ ಆಧಾರವಾದ ಅಕ್ಷರವನ್ನು ಅವನು ಸಿಂಗರಿಸದೆ ಬಿಟ್ಟಾನೆಯೆ? ಅಕ್ಷರಾಲಂಕಾರವೆಂಬುದು ಗಣಕಯಂತ್ರದೊಡನೆ ಹುಟ್ಟಿದ ಚಪಲವಲ್ಲ. ಅದು ಬರವಣಿಗೆಯಷ್ಟೇ ಹಳೆಯದು. ಆದರೆ ಹಿಂದೆ ದಿನಗಟ್ಟಲೆ ದುಡಿದು ಪಡೆಯಬೇಕಾಗಿದ್ದ ಅಲಂಕಾರವು ಇಂದು ಕ್ಷಣಮಾತ್ರದಲ್ಲಿ ಕೈಗೆ ಬರುತ್ತದೆ. ಸುಲಭವಾಗಿ ದೊರೆತ ಸಂಪತ್ತನ್ನು ಹೇಗೆ ಬಳಸಬೇಕೆಂಬುದೇ ಇಲ್ಲಿ ವಿಚಾರಮಾಡಬೇಕಾದ ಸಂಗತಿ.

ಮೊದಲು ಹಿಂದಿನವರ ಕೆಲಸವನ್ನು ನೋಡಬಹುದು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ನೆಯ ಇಸವಿಯಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯ ಛಂದಸ್ಸನ್ನು ಒಳಗೊಂಡಿರುವ ಆ ಬರಹ ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಪ್ರಸಿದ್ಧವಾದುದು. ಅದನ್ನು ಕೆತ್ತಿದ ಶಿಲ್ಪಿಗೆ ಬಣ್ಣವಿರಲಿಲ್ಲ. ಇದ್ದುದು ಉಳಿ ಮತ್ತು ಸುತ್ತಿಗೆ. ಅಕ್ಷರದ ಗೆರೆಯನ್ನು ಆಳಕ್ಕೆ ಇಳಿಸಿದಾಗ ಅದರ ಒಂದು ಅಂಚಿಗೆ ಬಿಸಿಲು ಬೀಳುತ್ತದೆ, ಇನ್ನೊಂದು ಅಂಚಿನಲ್ಲಿ ನೆರಳು ನಿಲ್ಲುತ್ತದೆ. ಆ ನೆರಳೇ ಶಾಸನದ ಮಸಿ. ಸವೆದ ಶಾಸನವನ್ನು ಓದಬೇಕಾದಾಗ ಸಂಶೋಧಕರು ಓರೆಯಾಗಿ ಬೀಳುವ ಬೆಳಕಿನ ನೆರವನ್ನು ಪಡೆಯುವುದು ಈ ಕಾರಣದಿಂದಲೇ. ಇಲ್ಲಿ ನೆರಳು ಅಕ್ಷರಕ್ಕೆ ಹೊರಗಿನಿಂದ ಅಂಟಿಸಿದ ಚೆಲುವಲ್ಲ. ಓದಿಗೆ ಒದಗಿದ ಸಾಧನ.

ತಾಳೆಯ ಗರಿಯ ಮೇಲೆ ಬರೆಯುವವನಿಗೆ ಬೇರೆಯ ಕಷ್ಟವಿತ್ತು. ಕಂಟದಿಂದ ನೇರವಾದ ಗೆರೆಯನ್ನು ಬಲವಾಗಿ ಎಳೆದರೆ ಗರಿ ಸೀಳುವ ಭಯವಿತ್ತು. ದಕ್ಷಿಣದ ಲಿಪಿಗಳ ದುಂಡುತನಕ್ಕೆ ಇದೂ ಒಂದು ಕಾರಣವೆಂದು ಲಿಪಿತಜ್ಞರು ಹೇಳುವುದುಂಟು. ಮುಂದೆ ಕಾಗದವೂ ಅಚ್ಚುಕೂಟವೂ ಬಂದವು. 1843ರ ಜುಲೈ ತಿಂಗಳಿನಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಪತ್ರಿಕೆಯು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕೈಬರಹದ ಬಳುಕು ಹಾಗೆಯೇ ಕಾಗದಕ್ಕೆ ಇಳಿಯಲು ಆ ವಿಧಾನದಲ್ಲಿ ಅವಕಾಶವಿತ್ತು. ಅನಂತರದ ಕಾಲದಲ್ಲಿ ಪೇಟೆಯ ಬೀದಿಗಳನ್ನು ಸಿಂಗರಿಸಿದವರು ಫಲಕ ಬರೆಯುವ ಚಿತ್ರಗಾರರು. ಅವರು ಸೀಮೆಸುಣ್ಣದಿಂದ ಗೆರೆ ಎಳೆದು, ಅಕ್ಷರದ ಮೈಯನ್ನು ಗುರುತಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ, ಆಮೇಲೆ ಕುಂಚವನ್ನು ಹಿಡಿಯುತ್ತಿದ್ದರು. ಮೈಬಣ್ಣ ಒಣಗಿದ ಮೇಲೆಯೇ ನೆರಳಿನ ಬಣ್ಣ ಬಳಿಯಬೇಕಾಗಿತ್ತು. ಹೀಗೆ ಕಾಯುವ ಹೊತ್ತಿನಲ್ಲಿ ಕಣ್ಣು ತನ್ನ ತಪ್ಪನ್ನು ತಾನೇ ಕಂಡುಕೊಳ್ಳುತ್ತಿತ್ತು. ನಿಧಾನವೇ ಅವರಿಗೆ ಗುರುವಾಗಿತ್ತು.

ಈ ನಿಧಾನವನ್ನು ಕೊನೆಗಾಣಿಸಿದುದು ಚಿತ್ರಗಳನ್ನು ತಿದ್ದುವ ತಂತ್ರಾಂಶ. ಅಮೆರಿಕದ ಥಾಮಸ್ ನಾಲ್ ಎಂಬ ವಿದ್ಯಾರ್ಥಿ 1987ರಲ್ಲಿ ಆರಂಭಿಸಿ, ತನ್ನ ಸಹೋದರ ಜಾನ್ ನಾಲ್‌ನೊಡನೆ ಬೆಳೆಸಿದ ತಂತ್ರಾಂಶವನ್ನು ಅಡೋಬಿ ಸಂಸ್ಥೆಯು 1990ರಲ್ಲಿ ‘ಫೋಟೋಶಾಪ್’ ಎಂಬ ಹೆಸರಿನಿಂದ ಹೊರತಂದಿತು. 1994ರ ಆವೃತ್ತಿಯಲ್ಲಿ ‘ಲೇಯರ್’ ಅಥವಾ ಪದರಗಳ ಸೌಲಭ್ಯ ಸೇರಿತು. ಒಂದು ಗಾಜಿನ ಹಾಳೆಯ ಮೇಲೆ ಇನ್ನೊಂದು ಗಾಜಿನ ಹಾಳೆಯನ್ನು ಇಟ್ಟಂತೆ, ಹಿನ್ನೆಲೆಯ ಚಿತ್ರ ಒಂದು ಪದರದಲ್ಲಿಯೂ ಅಕ್ಷರ ಇನ್ನೊಂದು ಪದರದಲ್ಲಿಯೂ ನಿಲ್ಲುವ ವ್ಯವಸ್ಥೆ ಅದು. 1998ರ ಆವೃತ್ತಿಯಲ್ಲಿ ಪದರಕ್ಕೆ ನೆರಳು, ಹೊಳಪು, ಉಬ್ಬುಗಳನ್ನು ಸೇರಿಸುವ ಅನುಕೂಲ ಬಂದಿತು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ರಚಿಸಿದ ‘ಗಿಂಪ್’ ಎಂಬ ಮುಕ್ತ ತಂತ್ರಾಂಶವು 1996ರಲ್ಲಿ ಸಾರ್ವಜನಿಕರ ಕೈಸೇರಿತು. ಬೆಲೆ ಕೊಡಲಾರದ ವಿದ್ಯಾರ್ಥಿಗೂ ಈ ವಿದ್ಯೆ ಇಂದು ಎಟುಕುತ್ತದೆ. ಇದು ಸಣ್ಣ ಉಪಕಾರವಲ್ಲ.

ಈ ತಂತ್ರಾಂಶ ಮಾಡುವ ಕೆಲಸವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮಾಯೆಯೇನೂ ಇಲ್ಲ. ‘ಡ್ರಾಪ್ ಶ್ಯಾಡೋ’ ಎಂದರೆ ಅಕ್ಷರದ ಆಕಾರವನ್ನೇ ನಕಲುಮಾಡಿ, ಕಪ್ಪಾಗಿಸಿ, ಸ್ವಲ್ಪ ಪಕ್ಕಕ್ಕೆ ಸರಿಸಿ, ಅಂಚನ್ನು ಮಸುಕುಗೊಳಿಸಿ ಅಕ್ಷರದ ಹಿಂದೆ ಇಡುವುದು. ‘ಗ್ರೇಡಿಯಂಟ್’ ಎಂದರೆ ಒಂದು ಬಣ್ಣ ಮೆಲ್ಲಮೆಲ್ಲನೆ ಇನ್ನೊಂದು ಬಣ್ಣವಾಗಿ ಇಳಿಯುವುದು. ‘ಸ್ಟ್ರೋಕ್’ ಎಂದರೆ ಅಕ್ಷರದ ಅಂಚಿನುದ್ದಕ್ಕೂ ಬೇರೆ ಬಣ್ಣದ ಗೆರೆಯನ್ನು ಕಟ್ಟುವುದು. ‘ಬೆವೆಲ್’ ಎಂದರೆ ಬೆಳಕು ಒಂದು ದಿಕ್ಕಿನಿಂದ ಬೀಳುತ್ತಿದೆಯೆಂದು ಭಾವಿಸಿ, ಆ ಕಡೆಯ ಅಂಚನ್ನು ಬೆಳಗಿಸಿ, ಎದುರಿನ ಅಂಚನ್ನು ಕಪ್ಪಾಗಿಸುವುದು. ಬಾದಾಮಿಯ ಬಂಡೆಯ ಮೇಲೆ ಸೂರ್ಯನು ಮಾಡುವ ಕೆಲಸವನ್ನು ಇಲ್ಲಿ ಲೆಕ್ಕಾಚಾರ ಮಾಡುತ್ತದೆ. ಭೇದವಿಷ್ಟೆ: ಅಲ್ಲಿ ಬೆಳಕು ಒಂದೇ ಕಡೆಯಿಂದ ಬರುತ್ತದೆ. ಇಲ್ಲಿ ಎಚ್ಚರ ತಪ್ಪಿದರೆ ಒಂದೇ ಫಲಕದಲ್ಲಿ ಶೀರ್ಷಿಕೆಗೆ ಎಡದಿಂದಲೂ ಹೆಸರಿಗೆ ಬಲದಿಂದಲೂ ಬೆಳಕು ಬಿದ್ದು, ಒಂದೇ ಆಕಾಶದಲ್ಲಿ ಇಬ್ಬರು ಸೂರ್ಯರು ಮೂಡಿದಂತಾಗುತ್ತದೆ.

ಇಷ್ಟಾದರೆ ಅದು ಕೇವಲ ಅಭಿರುಚಿಯ ದೋಷ, ನಕ್ಕು ಸುಮ್ಮನಾಗಬಹುದು. ಆದರೆ ಅಲಂಕಾರವು ಅರ್ಥವನ್ನೇ ಕೆಡಿಸುವ ಸಂದರ್ಭಗಳೂ ಉಂಟು. ಕನ್ನಡ ಲಿಪಿಯಲ್ಲಿ ಸಣ್ಣ ಗುರುತುಗಳ ಮೇಲೆ ದೊಡ್ಡ ಹೊಣೆಯಿದೆ. ‘ರ’ ಅಕ್ಷರದ ಹೊಟ್ಟೆಯಲ್ಲಿ ಒಂದು ಚುಕ್ಕಿಯಿಟ್ಟರೆ ಅದು ‘ಠ’ ಆಗುತ್ತದೆ. ‘ದ’ ಅಕ್ಷರದ ಅಡಿಯಲ್ಲಿ ಒಂದು ಸೀಳನ್ನು ಕೊಟ್ಟರೆ ಅದು ‘ಧ’ ಆಗುತ್ತದೆ. ಈಗ ಒಂದು ಊರಿನ ಉತ್ಸವಕ್ಕೆ ಭಿತ್ತಿಪತ್ರವೊಂದು ಸಿದ್ಧವಾಗುತ್ತಿದೆ ಎಂದು ಭಾವಿಸೋಣ. ‘ಮಠ’ ಎಂಬ ಪದಕ್ಕೆ ಹತ್ತು ಬಿಂದುಗಳಷ್ಟು ದಪ್ಪದ ಅಂಚುಗೆರೆಯನ್ನು ಕಟ್ಟಿದೊಡನೆ ಒಳಗಿನ ಚುಕ್ಕಿ ಆ ಗೆರೆಯಲ್ಲಿ ಮುಳುಗುತ್ತದೆ, ಮಠವು ಮರವಾಗುತ್ತದೆ. ‘ಧನಸಹಾಯ ಮಾಡಿದವರು’ ಎಂಬ ಸಾಲಿನಲ್ಲಿ ಸೀಳು ಮುಚ್ಚಿಹೋದರೆ ದಾನಿಗಳೆಲ್ಲರೂ ದನಗಳ ಸಹಾಯಕರಾಗುತ್ತಾರೆ! ಗಣಪತಿಯನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದಂತೆ ಎಂಬ ಗಾದೆ ಇಂಥ ಕಡೆ ಅಕ್ಷರಶಃ ನಿಜವಾಗುತ್ತದೆ. ಗೆರೆಯನ್ನು ಅಕ್ಷರದ ‘ಹೊರಗೆ’ ಕಟ್ಟುವಂತೆ ಆದೇಶ ಕೊಟ್ಟರೂ ಈ ಅಪಾಯ ತಪ್ಪುವುದಿಲ್ಲ. ಏಕೆಂದರೆ ಅಕ್ಷರದ ಹೊಟ್ಟೆಯಲ್ಲಿರುವ ಬಯಲೂ ಯಂತ್ರದ ದೃಷ್ಟಿಯಲ್ಲಿ ‘ಹೊರಗೆ’ಯೇ. ಓದುವವನಿಗೆ ಆ ಬಯಲೂ ಅಕ್ಷರದ ಅಂಗವೆಂಬುದನ್ನು ಯಂತ್ರ ಅರಿಯದು. ಅದನ್ನು ನಡೆಸುವವನು ಅರಿತಿರಬೇಕು.

ಒತ್ತಕ್ಷರಗಳ ಪಾಡು ಇನ್ನೂ ಸೂಕ್ಷ್ಮವಾದುದು. ಇಂಗ್ಲಿಷಿನ ಅಕ್ಷರಗಳು ಸಾಲಿನಲ್ಲಿ ನಿಂತ ಸಿಪಾಯಿಗಳಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡದ ಅಕ್ಷರಗಳು ಕೂಡುಕುಟುಂಬದವರಂತೆ: ಒಬ್ಬರ ಹೆಗಲನ್ನು ಇನ್ನೊಬ್ಬರು ಹಿಡಿದು ಬಾಳುವವು. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಆದರೆ ಯೂನಿಕೋಡ್ ವ್ಯವಸ್ಥೆಯಲ್ಲಿ ಅದು ಆರು ಸಂಕೇತಗಳ ಕೂಟ. ಈ ಸಂಯೋಗದ ನಿಯಮವನ್ನು ತಿಳಿಯದ ತಂತ್ರಾಂಶದಲ್ಲಿ ಒತ್ತು ಬೇರೆ, ದೀರ್ಘ ಬೇರೆಯಾಗಿ ಬಿದ್ದು ಪದ ಒಡೆಯುತ್ತದೆ. ಇಂಗ್ಲಿಷಿನ ಮಾದರಿಯನ್ನು ಅನುಸರಿಸಿ ಅಕ್ಷರಗಳನ್ನು ಬಲವಂತವಾಗಿ ಅಗಲಿಸಿದಾಗಲೂ, ಸಾಲುಗಳನ್ನು ಬಿಗಿಯಾಗಿ ಜೋಡಿಸಿದಾಗಲೂ ಇದೇ ಕಷ್ಟ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟನ್ನು ಮೆಟ್ಟುತ್ತದೆ. ಬೇರೊಬ್ಬರ ಅಳತೆಗೆ ಹೊಲಿದ ಅಂಗಿಯನ್ನು ತೊಟ್ಟರೆ ಒಳ್ಳೆಯ ಬಟ್ಟೆಯೂ ಹಿಂಸೆಯಾಗುತ್ತದಲ್ಲವೆ?

ಎರಡನೆಯ ದೋಷ ಔಚಿತ್ಯಕ್ಕೆ ಸಂಬಂಧಪಟ್ಟುದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಸಾರಿದನು. ಸೊಂಟದ ಒಡವೆಯನ್ನು ಕೊರಳಿಗೂ ಕಾಲಿನ ಒಡವೆಯನ್ನು ಕೈಗೂ ತೊಟ್ಟವರು ನಗೆಗೀಡಾಗುವರೆಂಬುದು ಅವನು ಕೊಟ್ಟ ನಿದರ್ಶನ. ಭಾವಪೂರ್ಣ ಶ್ರದ್ಧಾಂಜಲಿಯ ಫಲಕದಲ್ಲಿ ಮೃತರ ಹೆಸರು ಚಿನ್ನದ ಹೊಳಪಿನಿಂದ ಮಿನುಗುವುದನ್ನು ಕಂಡವರಿಗೆ ಈ ಮಾತಿನ ಸತ್ಯ ತಾನಾಗಿ ತಿಳಿಯುತ್ತದೆ. ಜಾತ್ರೆಯ ಆಹ್ವಾನಕ್ಕೆ ಒಪ್ಪುವ ಬಣ್ಣ ಆಸ್ಪತ್ರೆಯ ಸೂಚನೆಗೆ ಒಪ್ಪದು. ನಾಟಕದ ಹೆಸರಿಗೆ ಸಲ್ಲುವ ಉರಿಯುವ ಅಕ್ಷರ ವಿದ್ಯುತ್ ಅಪಾಯದ ಫಲಕಕ್ಕೆ ಸಲ್ಲದು. ಅಲ್ಲಿ ಬೇಕಾದುದು ಬೆರಗಲ್ಲ, ಒಂದೇ ನೋಟಕ್ಕೆ ದೊರೆಯುವ ಅರ್ಥ.

ಮೂರನೆಯ ದೋಷವು ಕಣ್ಣಿಗೆ ಕಾಣುವುದೇ ಇಲ್ಲ. ಆದುದರಿಂದಲೇ ಅದು ಹೆಚ್ಚು ಘೋರವಾದುದು. ಅಲಂಕರಿಸಿದ ಬರಹವನ್ನು ಚಿತ್ರವಾಗಿ ಉಳಿಸಿದ ಕೂಡಲೆ ಅದು ಬರಹವಾಗಿ ಉಳಿಯುವುದಿಲ್ಲ. ಗಣಕದ ಪಾಲಿಗೆ ಅದು ಬಣ್ಣದ ಚುಕ್ಕೆಗಳ ರಾಶಿ ಮಾತ್ರ. ದೃಷ್ಟಿಯಿಲ್ಲದವರು ತೆರೆಯ ಮೇಲಿನ ಬರಹವನ್ನು ದನಿಯಾಗಿಸಿ ಓದುವ ತಂತ್ರಾಂಶದ ನೆರವಿನಿಂದ ಪತ್ರಿಕೆಯನ್ನೂ ಪಾಠವನ್ನೂ ಪ್ರಕಟಣೆಯನ್ನೂ ಕೇಳುತ್ತಾರೆ. ಚಿತ್ರವಾಗಿ ಬಂದ ಪ್ರಕಟಣೆಯ ಮುಂದೆ ಆ ದನಿ ತಡವರಿಸುತ್ತದೆ ಅಥವಾ ಮೂಕವಾಗುತ್ತದೆ. ಚಿತ್ರದಿಂದ ಅಕ್ಷರವನ್ನು ಗುರುತಿಸುವ ವಿದ್ಯೆ ಇಂದು ಬೆಳೆದಿದೆಯೆಂಬುದು ನಿಜ. ಆದರೆ ನೆರಳು, ಹೊಳಪು, ಬಳುಕು ಹೆಚ್ಚಿದಷ್ಟೂ ಆ ವಿದ್ಯೆ ಎಡವುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಜಗತ್ತಿನ ಯಾವುದೇ ಗಣಕದಲ್ಲಿ ಕನ್ನಡವು ಕನ್ನಡವಾಗಿಯೇ ಸಂಚರಿಸಲೆಂಬುದು ಅದರ ಉದ್ದೇಶ. ಹಾಗೆ ದೊರೆತ ನಡೆಯುವ ಕಾಲನ್ನು ಮುಚ್ಚಿಟ್ಟು, ಬರಹವನ್ನು ಚಿತ್ರದ ಚೌಕಟ್ಟಿನಲ್ಲಿ ಕೂಡಿಹಾಕುವುದು ಜಾಣತನವೆ? ಜಾಲತಾಣಗಳು ಎಲ್ಲರಿಗೂ ಎಟುಕಬೇಕೆಂದು ರೂಪಿಸಿರುವ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸಾಧ್ಯವಾದ ಕಡೆಯಲ್ಲೆಲ್ಲ ಬರಹದ ಚಿತ್ರಕ್ಕಿಂತ ನಿಜವಾದ ಬರಹವನ್ನೇ ಬಳಸಬೇಕೆನ್ನುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಣ ಹೊಳಪಿನ ಅನುಪಾತ ಕನಿಷ್ಠ 4.5ಕ್ಕೆ 1ರಷ್ಟಿರಬೇಕೆಂದೂ ಅದು ವಿಧಿಸುತ್ತದೆ. ಬಿಳಿಯ ಮೇಲಿನ ಕಪ್ಪಿನಲ್ಲಿ ಈ ಅನುಪಾತ 21ಕ್ಕೆ 1. ಮಂದವಾಗುತ್ತಿರುವ ಮುದುಕರ ಕಣ್ಣಿಗೆ ಈ ಅಂಕಿಗಳ ಬೆಲೆ ಗೊತ್ತು.

ಹಾಗಾದರೆ ಅಕ್ಷರವನ್ನು ಬರಿಮೈಯಲ್ಲಿಯೇ ಬಿಡಬೇಕೆ? ಅಲಂಕಾರವೆಲ್ಲ ಆಡಂಬರವೆಂದು ಹಳಿಯುವವರುಂಟು. ಅವರ ಮಾತನ್ನು ಒಪ್ಪಲಾಗದು. ಸಂತೆಯಲ್ಲಿ ಹಾದುಹೋಗುವವನನ್ನು ಒಂದು ಕ್ಷಣ ತಡೆದು ನಿಲ್ಲಿಸುವುದಕ್ಕೂ ಮಗುವಿಗೆ ಅಕ್ಷರದಲ್ಲಿ ಆಸೆ ಹುಟ್ಟಿಸುವುದಕ್ಕೂ ಅಲಂಕಾರ ಬೇಕು. ತಾನೇ ಬಣ್ಣ ತುಂಬಿದ ಹೆಸರನ್ನು ತೆರೆಯ ಮೇಲೆ ಕಂಡ ಬಾಲಕಿಯ ಹಿಗ್ಗು ಸುಳ್ಳಲ್ಲ. ಆ ಹಿಗ್ಗಿನಿಂದಲೇ ನಾಳಿನ ಲಿಪಿವಿನ್ಯಾಸಕಿ ಹುಟ್ಟಬಹುದು. ನೆರಳೂ ಅಂಚುಗೆರೆಯೂ ಕೆಲವೆಡೆ ಓದಿಗೆ ಉಪಕಾರಿಗಳೇ ಆಗಿವೆ. ತರುಲತೆಗಳಿಂದ ತುಂಬಿದ ಚಿತ್ರದ ಮೇಲೆ ಬಿಳಿಯ ಅಕ್ಷರ ಕಳೆದುಹೋಗದಂತೆ ಕಾಯುವುದು ಅದರ ಹಿಂದಿನ ತೆಳುವಾದ ನೆರಳೇ. ಆದುದರಿಂದ ಪ್ರಶ್ನೆಯಿರುವುದು ಒಡವೆ ಬೇಕೆ ಬೇಡವೆ ಎಂಬುದರಲ್ಲಲ್ಲ. ಒಡವೆಯು ಯಾರ ಸೇವೆಗೆ ಎಂಬುದರಲ್ಲಿ.

ಈ ಪ್ರಶ್ನೆಗೆ ಕನ್ನಡದಲ್ಲಿಯೇ ಹಳೆಯದೊಂದು ಉತ್ತರವಿದೆ. ಉಪಲಬ್ಧವಾಗಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ರಚಿತವಾಯಿತು. ಅದೊಂದು ಅಲಂಕಾರಗ್ರಂಥ. ಅದರಲ್ಲಿ ಮೂರು ಪರಿಚ್ಛೇದಗಳಿವೆ. ಎರಡನೆಯದು ಶಬ್ದಾಲಂಕಾರವನ್ನೂ ಮೂರನೆಯದು ಅರ್ಥಾಲಂಕಾರವನ್ನೂ ವಿವರಿಸುತ್ತವೆ. ಇವೆರಡಕ್ಕೂ ಮೊದಲು ಬರುವುದು ದೋಷಾದೋಷಗಳ ವಿಚಾರ. ಯಾವುದು ತಪ್ಪು, ಯಾವುದು ತಪ್ಪಲ್ಲ ಎಂಬುದನ್ನು ಅರಿತ ಮೇಲೆಯೇ ಅಲಂಕಾರಕ್ಕೆ ಕೈಹಾಕಬೇಕೆಂಬ ವಿವೇಕ ಆ ಕ್ರಮದಲ್ಲಿ ಅಡಗಿದೆ. ಪದ್ಯಕ್ಕೆ ಸಲ್ಲುವ ಈ ಕ್ರಮವು ತೆರೆಯ ಮೇಲಿನ ಅಕ್ಷರಕ್ಕೂ ಸಲ್ಲುತ್ತದೆ.

ಅಕ್ಷರವನ್ನು ಸಿಂಗರಿಸಲು ಹೊರಟ ವಿದ್ಯಾರ್ಥಿಯು ಮೊದಲು ಅದನ್ನು ಬಿಳಿಯ ಮೇಲೆ ಕಪ್ಪಾಗಿ, ಯಾವ ಒಡವೆಯೂ ಇಲ್ಲದೆ ಇಟ್ಟು ನೋಡಲಿ. ಕಾಗುಣಿತವೂ ಒತ್ತೂ ಸರಿಯಾಗಿವೆಯೆ, ಚುಕ್ಕಿಯೂ ಸೀಳೂ ಬಾಯಿ ತೆರೆದಿವೆಯೆ ಎಂದು ಪರೀಕ್ಷಿಸಲಿ. ಆಮೇಲೆ ಒಂದು ಅಲಂಕಾರವನ್ನು ಸೇರಿಸಿ, ಹಳೆಯ ಫಲಕದ ಚಿತ್ರಗಾರನಂತೆ ನಾಲ್ಕು ಹೆಜ್ಜೆ ಹಿಂದೆ ಸರಿದು ಓದಲಿ. ಆ ಬರಹವನ್ನು ಎಂದೂ ಕಂಡಿರದ ಒಬ್ಬರಿಂದ ಓದಿಸಲಿ. ಅವರು ತಡವರಿಸಿದರೆ ಆ ಒಡವೆಯನ್ನು ಬಿಚ್ಚಿಡಲಿ. ಪದರಗಳ ವ್ಯವಸ್ಥೆಯಲ್ಲಿ ಹಾಗೆ ಬಿಚ್ಚಿಡುವುದಕ್ಕೆ ಯಾವ ನಷ್ಟವೂ ಇಲ್ಲ. ಕೊನೆಗೆ ಚಿತ್ರವನ್ನು ಹಂಚುವಾಗ ಅದರೊಡನೆ ಅದೇ ಮಾತನ್ನು ಸರಳವಾದ ಬರಹದಲ್ಲಿಯೂ ಕಳುಹಿಸಲಿ. ಹೀಗೆ ಮಾಡಿದರೆ ಕಣ್ಣಿದ್ದವರಿಗೆ ಚೆಲುವು, ಇಲ್ಲದವರಿಗೆ ಅರ್ಥ, ಇಬ್ಬರಿಗೂ ಸಲ್ಲಬೇಕಾದುದು ಸಲ್ಲುತ್ತದೆ.

‘ಅಕ್ಷರ’ ಎಂಬ ಪದಕ್ಕೆ ನಾಶವಿಲ್ಲದುದು ಎಂಬ ಅರ್ಥವಿದೆ. ಬಾದಾಮಿಯ ಬಂಡೆಯ ಮೇಲೆ ಹದಿಮೂರು ಶತಮಾನಗಳ ಬಿಸಿಲುಮಳೆಗಳನ್ನು ತಾಳಿಯೂ ಆ ಅಕ್ಷರಗಳು ನುಡಿಯುತ್ತಿವೆ. ಅಷ್ಟು ಕಾಲವನ್ನು ಗೆದ್ದ ಅಕ್ಷರವು ಅರೆನಿಮಿಷದ ಅಲಂಕಾರಕ್ಕೆ ಸೋತು ಮೂಕವಾಗಬಾರದು. ಒಡವೆಯ ಭಾರಕ್ಕೆ ಕೊರಳು ಬಾಗಿದರೆ ಅದು ಸಿಂಗಾರವಲ್ಲ, ಹೊರೆ. ಕೊರಳನ್ನು ಕಂಡು ಒಡವೆಯನ್ನು ಮಾಡುವವನೇ ನಿಜವಾದ ಅಕ್ಕಸಾಲಿಗ.